ಗಳೆಯೂ ಗುಂಟೆಯೂ

ನಮ್ಮ ಅಜ್ಜನಿಗೂ ಅವರ ತಮ್ಮನಿಗೂ ಹೊಲದ ಪಾಲಾದುದು ಬಾಯಿಮಾತಿನಲ್ಲಿ. ಊರ ಹಿರಿಯರು ಹಗ್ಗ ಹಿಡಿದು ಬದುವಿನ ಸುತ್ತ ನಡೆದರಂತೆ. ಎರಡು ಪಾಲಿನ ಸುತ್ತಳತೆಯೂ ಸಮನಾಗಿ ಬಂದಿತು. ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ಸಂತೋಷದಿಂದ ಎದ್ದರು. ಚಿಕ್ಕಜ್ಜನ ಪಾಲು ಚೌಕವಾಗಿತ್ತು. ನಮ್ಮದು ಹಳ್ಳದ ದಂಡೆಗುಂಟ ನೀಳವಾಗಿತ್ತು. ಬಿತ್ತನೆಯ ಬೀಜ ಪ್ರತಿವರ್ಷವೂ ನಮ್ಮಲ್ಲಿ ಮಿಗುತ್ತಿತ್ತು, ಅವರಲ್ಲಿ ಸಾಲದೆ ಬರುತ್ತಿತ್ತು. ಬಹುಕಾಲದ ಮೇಲೆ ಪೋಡಿಗಾಗಿ ಮೋಜಣಿದಾರರು ಬಂದು ಸರಪಳಿ ಎಳೆದಾಗ ನಿಜ ತಿಳಿಯಿತು. ಆ ಮೇಲೆ ಎರಡು ಮನೆಯವರು ಎಷ್ಟೋ ವರ್ಷ ಒಬ್ಬರ ಹೊಸಿಲನ್ನು ಒಬ್ಬರು ತುಳಿಯಲಿಲ್ಲ.

ಲೆಕ್ಕವನ್ನು ದುಂಡಾಗಿಸಿ ಹೇಳುತ್ತೇನೆ. ಹತ್ತು ಸರಪಳಿ ಉದ್ದ, ಹತ್ತು ಸರಪಳಿ ಅಗಲದ ಹೊಲದ ಸುತ್ತಳತೆ 40 ಸರಪಳಿ. ಹದಿನಾರು ಸರಪಳಿ ಉದ್ದ, ನಾಲ್ಕು ಸರಪಳಿ ಅಗಲದ ಹೊಲದ್ದೂ ಅಷ್ಟೇ. ಆದರೆ ಮೊದಲನೆಯದು 100 ಗುಂಟೆ, ಎರಡನೆಯದು 64. ಅಲ್ಲಿ ಮೋಸ ಮಾಡಿದವರು ಯಾರೂ ಇರಲಿಲ್ಲ. ಬದುವಿನ ಉದ್ದವನ್ನು ಅಳೆದು ನೆಲದ ಹರವನ್ನು ಅಳೆದೆವೆಂದು ತಿಳಿದುದೇ ತಪ್ಪು.

ಈ ತಪ್ಪು ನಮ್ಮ ಹಳ್ಳಿಗಷ್ಟೇ ಸೇರಿದುದಲ್ಲ. ಕ್ರಿ. ಪೂ. ಎರಡನೆಯ ಶತಮಾನದ ಗ್ರೀಕ್ ಚರಿತ್ರಕಾರ ಪಾಲಿಬಿಯಸ್ ಇದನ್ನೇ ಕುರಿತು ಬೇಸರಪಟ್ಟಿದ್ದಾನೆ. ಮೆಗಲೊಪೊಲಿಸ್ ನಗರದ ಸುತ್ತಳತೆ 50 ಸ್ಟೇಡಿಯ, ಸ್ಪಾರ್ಟಾದ್ದು 48. ಆದರೂ ಸ್ಪಾರ್ಟಾ ಅದರ ಎರಡರಷ್ಟು ದೊಡ್ಡದೆಂದರೆ ಜನ ನಂಬುವುದಿಲ್ಲವೆಂದು ಆತ ಬರೆದ.

ನಮ್ಮಲ್ಲಿ ಮಾತೇ ಒಮ್ಮೊಮ್ಮೆ ಈ ಗೊಂದಲಕ್ಕೆ ದಾರಿ ಮಾಡಿದೆ. ಸರ್ವೆಯ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಗುಂಟೆ, ಎಂದರೆ 1,089 ಚದರಡಿ. ಅಂಥ 40 ಗುಂಟೆ ಸೇರಿದರೆ ಎಕರೆ. ಸರಪಳಿಯನ್ನು 16 ಭಾಗ ಮಾಡಿ ಒಂದೊಂದನ್ನೂ ‘ಆಣೆ’ ಎಂದರು. ಗುಂಟೆಯನ್ನೂ 16 ಭಾಗ ಮಾಡಿ ಅದಕ್ಕೂ ‘ಆಣೆ’ ಎಂದೇ ಹೆಸರಿಟ್ಟರು. ಆದರೆ ಸರಪಳಿಯ ಒಂದು ಆಣೆ ಉದ್ದ, ಒಂದು ಆಣೆ ಅಗಲದ ಚೌಕವು ಗುಂಟೆಯ ಹದಿನಾರನೆಯ ಪಾಲಲ್ಲ. 256ರಲ್ಲಿ ಒಂದು ಪಾಲು. ಹೆಸರು ಒಂದೇ, ವಸ್ತು ಎರಡು.

ಹಿಂದಿನವರು ಈ ವಿಷಯದಲ್ಲಿ ಎಚ್ಚರವಾಗಿದ್ದರೆಂಬುದಕ್ಕೆ ಶಾಸನಗಳೇ ಸಾಕ್ಷಿ. ಭೂದಾನದ ಶಾಸನಗಳು ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಹೇಳಿ ಸುಮ್ಮನಾಗುವುದಿಲ್ಲ; ಯಾವ ಗಳೆಯಿಂದ ಅಳೆದುದೆಂಬುದನ್ನೂ ಎಷ್ಟೋ ಕಡೆ ಹೆಸರಿಸುತ್ತವೆ. 1047ರಲ್ಲಿ ಚಾಮುಂಡರಾಯರಸನು ಗಂಡಭೇರುಂಡದ ಕಂಬವನ್ನು ನಿಲ್ಲಿಸಿದ ಬಳ್ಳಿಗಾವೆಯ ಕಡೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ಯ ಮಾತು ಬರುತ್ತದೆ. ಇದು ಬರಿಯ ಅಲಂಕಾರವಲ್ಲ. ಗಳೆ ಹತ್ತನೆಯ ಒಂದು ಪಾಲು ಹೆಚ್ಚಾದರೆ ಅದರಿಂದ ಅಳೆದ ನೆಲ ನೂರಕ್ಕೆ 21 ಹೆಚ್ಚುತ್ತದೆ. ಗಳೆ ಇಮ್ಮಡಿಯಾದರೆ ನೆಲ ನಾಲ್ಮಡಿ. ಕೋಲಿನಲ್ಲಿ ಕಣ್ಣಿಗೆ ಬೀಳದಷ್ಟು ವ್ಯತ್ಯಾಸವೂ ಹೊಲದಲ್ಲಿ ಎರಡು ದಿಕ್ಕಿಗೂ ಬೆಳೆಯುತ್ತದೆ.

ಅಂತೆಯೇ ಗಣಿತಜ್ಞರೂ ಇದಕ್ಕೆ ಬೇರೆಯೇ ಸ್ಥಾನ ಕೊಟ್ಟರು. ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಗಣಿತಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿಯೇ ರಚಿಸಿದ. ನೆಲವನ್ನು ಹಂಚಿಕೊಂಡು ಬಾಳುವ ಜನಕ್ಕೆ ಈ ವಿದ್ಯೆ ಅವರ ಮಾತಿನಲ್ಲಿಯೇ ದೊರೆಯಬೇಕಾಗಿತ್ತು.

ಪಟ್ಟಣದ ನಮಗೂ ಅದು ಬೇಕು. ಮೂವತ್ತು ನಲವತ್ತರ ನಿವೇಶನ 1,200 ಚದರಡಿ. ಅರವತ್ತು ಎಂಬತ್ತರದು ಅದರ ಎರಡರಷ್ಟಲ್ಲ, ನಾಲ್ಕರಷ್ಟು. ಕ್ರಯಪತ್ರಕ್ಕೆ ರುಜು ಹಾಕುವ ಮುನ್ನ ಇಷ್ಟು ನೆನಪಿದ್ದರೆ ಒಳ್ಳೆಯದು.

ಕಡೆಯದಾಗಿ ನನ್ನದೇ ಒಂದು ತಪ್ಪೊಪ್ಪಿಗೆ. ತರಗತಿಯಲ್ಲಿ ಶಾಸನಗಳನ್ನು ಪಾಠ ಹೇಳುವಾಗ ನಾನು ಗಳೆ, ಮತ್ತರುಗಳ ಸಾಲುಗಳನ್ನು ದಾಟಿ ರಾಜರ ಪ್ರಶಸ್ತಿಗೆ, ವೀರರ ವರ್ಣನೆಗೆ ಧಾವಿಸುತ್ತಿದ್ದೆ. ಅಣ್ಣತಮ್ಮಂದಿರ ನಡುವೆ ಮಾತು ಉಳಿಯುವುದೂ ಅಳಿಯುವುದೂ ಆ ಸಾಲುಗಳನ್ನೇ ಅವಲಂಬಿಸಿತ್ತೆಂಬುದನ್ನು ನಮ್ಮ ಮನೆಯ ಕಥೆ ಗೊತ್ತಿದ್ದೂ ನಾನು ಯೋಚಿಸಲಿಲ್ಲ. ಈಗ ಶಾಸನ ಓದಲು ಕುಳಿತರೆ ಮೊದಲು ಗಳೆಯ ಹೆಸರನ್ನು ಹುಡುಕುತ್ತೇನೆ.