ಮಣ್ಣಿಲ್ಲದ ಕೈತೋಟ: ತಿರುವೊಟ್ಟಿಯೂರಿನ ತಾರಸಿಗಳಿಗೆ ಜಲಕೃಷಿ

ತಿರುವೊಟ್ಟಿಯೂರು ಚೆನ್ನೈನ ಉತ್ತರ ಭಾಗದ ಕಡಲತೀರದ ಊರು. 2011ರಲ್ಲಿ ಇದು ಮಹಾನಗರ ಪಾಲಿಕೆಗೆ ಸೇರಿತು. ಮನೆಗಳು ಒತ್ತಾಗಿರುವ ಇಲ್ಲಿ ಮಣ್ಣಿನ ಅಂಗಳ ಅಪರೂಪ. ಹಲವೆಡೆ ಕೊಳವೆಬಾವಿಯ ನೀರೂ ಉಪ್ಪು. ಊರಿನಿಂದ ತಂದ ಹರಿವೆ, ದಂಟಿನ ಬೀಜಗಳು ಕುಂಡದಲ್ಲಿ ಮೊಳೆತರೂ ಎಲೆಯಂಚು ಒಣಗಿ ಸೊರಗುವುದಕ್ಕೆ ಅನೇಕ ವೇಳೆ ಈ ಉಪ್ಪೇ ಕಾರಣ. ಜಲಕೃಷಿಯು ಮಣ್ಣಿನ ಕೊರತೆಯನ್ನು ನೀಗಿಸುತ್ತದೆ. ನೀರಿನ ದೋಷವನ್ನು ನಾವೇ ಸರಿಪಡಿಸಿಕೊಳ್ಳಬೇಕು.

ಹಿನ್ನೆಲೆ

ಗಿಡಕ್ಕೆ ಬೇಕಾದುದು ಮಣ್ಣಲ್ಲ, ಅದರಲ್ಲಿರುವ ಲವಣಗಳು ಎಂಬುದನ್ನು 1860ರ ಸುಮಾರಿಗೆ ಜರ್ಮನಿಯ ಸಾಕ್ಸ್ ಮತ್ತು ಕ್ನೋಪ್ ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯಾದ ಗೆರಿಕೆ 1937ರಲ್ಲಿ ‘ಹೈಡ್ರೋಪಾನಿಕ್ಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಭಾರತದಲ್ಲಿ 1940ರ ದಶಕದಲ್ಲಿ ಶೋಲ್ಟೊ ಡಗ್ಲಾಸ್ ಬಂಗಾಳದಲ್ಲಿ ಸರಳ ಪ್ರಯೋಗಗಳನ್ನು ನಡೆಸಿದರು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಮಣ್ಣುರಹಿತ ತರಕಾರಿ ಬೆಳೆಗಾಗಿ ‘ಅರ್ಕಾ ಸಸ್ಯ ಪೋಷಕ್ ರಸ್’ ಎಂಬ ದ್ರವಪೋಷಕವನ್ನೂ, ‘ಅರ್ಕಾ’ ಹೆಸರಿನಲ್ಲೇ ಹುದುಗಿಸಿದ ಕೋಕೋಪೀಟನ್ನೂ ರೂಪಿಸಿದೆ.

ಬೇಕಾದ ಸಾಮಗ್ರಿಗಳು

1. ಬೆಳಕು ತೂರದ, ಮುಚ್ಚಳವಿರುವ 15-20 ಲೀಟರಿನ ಬಕೆಟ್. ಬೆಳಕು ತಾಗಿದರೆ ಪಾಚಿ ಕಟ್ಟುತ್ತದೆ.
2. ಜಾಲರಿ ಕುಂಡಗಳು.
3. ಚೆನ್ನಾಗಿ ತೊಳೆದ ಕೋಕೋಪೀಟ್. ತೆಂಗಿನ ನಾರಿನಲ್ಲಿ ಉಪ್ಪಿರುವುದುಂಟು, ತೊಳೆಯದೆ ಬಳಸಬಾರದು.
4. ‘ಎ’ ಮತ್ತು ‘ಬಿ’ ಎಂಬ ಎರಡು ಭಾಗಗಳ ಪೋಷಕ ದ್ರಾವಣ. ಇವನ್ನು ನೀರು ಸೇರಿಸದೆ ಒಟ್ಟಿಗೆ ಬೆರೆಸಿದರೆ ‘ಎ’ಯಲ್ಲಿರುವ ಕ್ಯಾಲ್ಸಿಯಂ, ಸಲ್ಫೇಟ್ ಮತ್ತು ಫಾಸ್ಫೇಟ್‌ಗಳೊಡನೆ ಸೇರಿ ತಳಕ್ಕಿಳಿಯುತ್ತದೆ, ಗಿಡಕ್ಕೆ ದಕ್ಕುವುದಿಲ್ಲ.
5. ಪಿ.ಎಚ್. ಮತ್ತು ಇ.ಸಿ. ಮಾಪಕಗಳು.

ನೀರಿನ ಪರೀಕ್ಷೆ

ಇ.ಸಿ. ಎಂದರೆ ನೀರಿನ ವಿದ್ಯುದ್ವಾಹಕತೆ. ಕರಗಿದ ಲವಣ ಹೆಚ್ಚಿದಷ್ಟೂ ಇದು ಏರುತ್ತದೆ. ಪೋಷಕ ಬೆರೆಸಿದ ನಂತರ ಸೊಪ್ಪುಗಳಿಗೆ 1.2ರಿಂದ 1.8 ಮಿಲಿಸೀಮೆನ್ಸ್ ಹಾಗೂ ಪಿ.ಎಚ್. 5.5ರಿಂದ 6.5 ಇರಬೇಕು. ಬರಿಯ ನೀರೇ 1ನ್ನು ದಾಟಿದ್ದರೆ ಪೋಷಕಕ್ಕೆ ಎಡೆಯೇ ಉಳಿಯದು. ಕುದಿಸಿದರೆ ಉಪ್ಪು ಹೋಗದು, ಇನ್ನಷ್ಟು ಗಾಢವಾಗುತ್ತದೆ. ತಮಿಳುನಾಡಿನಲ್ಲಿ ಮಳೆನೀರು ಸಂಗ್ರಹ 2003ರಲ್ಲೇ ಕಡ್ಡಾಯವಾಯಿತು; ತಾರಸಿಯಿಂದ ಹಿಡಿದಿಟ್ಟ ಆ ನೀರೇ ಶ್ರೇಷ್ಠ. ಅದಿಲ್ಲದಾಗ ಆರ್.ಓ. ಶುದ್ಧೀಕರಿಸಿದ ನೀರನ್ನು ಬಳಸಬಹುದು. ಆ ಯಂತ್ರ ಹೊರಬಿಡುವ ತ್ಯಾಜ್ಯನೀರು ಸಲ್ಲದು.

ವಿಧಾನ

ವಿದ್ಯುತ್ತಾಗಲಿ ಮೋಟಾರಾಗಲಿ ಬೇಡದ್ದು ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಅವರ ಕ್ರಮ. ಕೋಕೋಪೀಟಿನಲ್ಲಿ ಮೊಳೆಸಿದ ಸಸಿಯನ್ನು ಜಾಲರಿ ಕುಂಡದಲ್ಲಿಟ್ಟು, ಅದರ ತಳವನ್ನು ಮುಟ್ಟುವಷ್ಟು ದ್ರಾವಣ ತುಂಬಬೇಕು. ಗಿಡ ನೀರು ಹೀರಿದಂತೆ ಮಟ್ಟ ಇಳಿದು, ಮೇಲಿನ ಬೇರುಗಳಿಗೆ ಗಾಳಿ ದೊರೆಯುತ್ತದೆ. ಆದ್ದರಿಂದ ಮತ್ತೆ ಬಾಯಿಯವರೆಗೆ ತುಂಬಬಾರದು. ತುಂಬಿದರೆ ಆ ಬೇರುಗಳು ಉಸಿರುಗಟ್ಟಿ ಕೊಳೆಯುತ್ತವೆ. ಹರಿವೆ, ಪಾಲಕ್, ಪುದೀನಗಳಿಂದ ಆರಂಭಿಸುವುದು ಒಳಿತು.

ಎಚ್ಚರಿಕೆಗಳು

ನೀರು ಬಿಸಿಯೇರಿದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಬಕೆಟ್ಟುಗಳನ್ನು ನೆರಳುಬಲೆಯಡಿ ಇಟ್ಟು, ಹೊರಮೈಗೆ ಬಿಳಿಯ ಬಣ್ಣ ಬಳಿಯಬೇಕು. ಮುಚ್ಚಳದ ಸಂದುಗಳನ್ನು ಭದ್ರಪಡಿಸಬೇಕು. ಡೆಂಗ್ಯೂ ಹರಡುವ ಸೊಳ್ಳೆ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಸಾವಿರ ಲೀಟರ್ ನೀರು ಒಂದು ಟನ್ ತೂಗುತ್ತದೆ. ಹಳೆಯ ತಾರಸಿಯಿದ್ದವರು ಇದನ್ನು ಮರೆಯಬಾರದು.

ಮೊದಲು ಒಂದೇ ಬಕೆಟ್ಟಿನಲ್ಲಿ ಒಂದು ಬೆಳೆ ತೆಗೆದು, ಅನುಭವ ಗಳಿಸಿದ ಮೇಲೆ ವಿಸ್ತರಿಸುವುದು ಕ್ಷೇಮ.