ಸೈನ್ಯದ ಹಿಂದೆ ಸಾಗಿದ ನೀರಿನ ಬಂಡಿ

ಬೇಸಿಗೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ನೀರಿನ ಟ್ಯಾಂಕರ್ ಕುಲುಕುತ್ತ ಹೋಗುವುದನ್ನು ನೀವು ನೋಡಿಯೇ ಇರುತ್ತೀರಿ. ಎರಡು ಚಕ್ರ, ಮೇಲೊಂದು ತೊಟ್ಟಿ, ಕೆಳಗೆ ನಲ್ಲಿ. ಸೈನ್ಯಗಳೂ ಇಂಥದೇ ಬಂಡಿಯನ್ನು ಎಳೆದುಕೊಂಡು ಹೋಗುತ್ತವೆ. ಅಮೆರಿಕದ ಸೈನಿಕರು ಅದಕ್ಕಿಟ್ಟ ಅಡ್ಡಹೆಸರು ‘ವಾಟರ್ ಬಫಲೊ’, ಅಂದರೆ ನೀರೆಮ್ಮೆ. ಹಳೆಯ ಯುದ್ಧಕಾಲದ ಇಂಥ ಬಂಡಿಗಳನ್ನು ಹುಡುಕಿ, ಗುರುತಿಸಿ, ಮೊದಲಿನ ರೂಪಕ್ಕೆ ತರುವ ಹವ್ಯಾಸಿಗಳು ಅಲ್ಲಿದ್ದಾರೆ. ಫಿರಂಗಿ, ಜೀಪುಗಳನ್ನು ಬಿಟ್ಟು ತುಕ್ಕು ಹಿಡಿದ ತೊಟ್ಟಿಯ ಹಿಂದೆ ಏಕೆ ಬೀಳಬೇಕು ಎಂದು ನೀವು ಕೇಳಬಹುದು.

ಉತ್ತರಕ್ಕಾಗಿ 1900ರ ದಕ್ಷಿಣ ಆಫ್ರಿಕಕ್ಕೆ ಹೋಗಬೇಕು. ಬೋಯರ್ ಯುದ್ಧ ನಡೆದಿತ್ತು. ಫೆಬ್ರವರಿಯಲ್ಲಿ ಪಾರ್ಡೆಬರ್ಗ್‌ನಲ್ಲಿ ಬ್ರಿಟಿಷ್ ಸೈನಿಕರು ಮೋಡರ್ ನದಿಯ ನೀರು ಕುಡಿದರು. ಅದೇ ನದಿಯಲ್ಲಿ ಸತ್ತ ಕುದುರೆ, ಎತ್ತುಗಳು ತೇಲಿ ಬರುತ್ತಿದ್ದವು. ಮಾರ್ಚಿಯಲ್ಲಿ ಅವರು ಬ್ಲೂಮ್‌ಫಾಂಟೇನ್ ನಗರವನ್ನು ಹಿಡಿದರು. ತಿಂಗಳ ಕೊನೆಗೆ ಬೋಯರ್ ಸೇನಾನಿ ಡಿ ವೆಟ್ ನಗರದ ನೀರು ಸರಬರಾಜು ಕೇಂದ್ರವನ್ನೇ ವಶಪಡಿಸಿಕೊಂಡ. ವಿಷಮಶೀತ ಜ್ವರ ಶಿಬಿರಗಳನ್ನು ಮುತ್ತಿತು. ಇಡೀ ಯುದ್ಧದಲ್ಲಿ 57,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರಿಗೆ ಈ ಜ್ವರ ತಗುಲಿ, 8,000ಕ್ಕೂ ಹೆಚ್ಚು ಮಂದಿ ಸತ್ತರು. ಎಲ್ಲ ರೋಗಗಳನ್ನೂ ಕೂಡಿಸಿದರೆ, ಕಾಳಗದಲ್ಲಿ ಸತ್ತವರಿಗಿಂತ ಹಾಸಿಗೆಯಲ್ಲಿ ಸತ್ತವರೇ ಬಹಳ ಹೆಚ್ಚು.

ಮೊದಲನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನ್ಯ ಪಾಠ ಕಲಿತಿತ್ತು. ಅದರ ಕುದುರೆ ಎಳೆಯುವ ನೀರಿನ ಗಾಡಿಯಲ್ಲಿ 110 ಗ್ಯಾಲನ್, ಅಂದರೆ ಸುಮಾರು 500 ಲೀಟರ್ ನೀರು ಹಿಡಿಯುತ್ತಿತ್ತು. ಅದಕ್ಕೆ ಎಷ್ಟು ಬ್ಲೀಚಿಂಗ್ ಪುಡಿ ಹಾಕಬೇಕು? ಕಡಿಮೆಯಾದರೆ ರೋಗಾಣು ಉಳಿಯುತ್ತದೆ, ಹೆಚ್ಚಾದರೆ ನೀರು ಬಾಯಿಗಿಡಲಾಗದು. ಸೈನ್ಯದ ವೈದ್ಯ ವಿಲಿಯಂ ಹೊರಾಕ್ಸ್ ಇದಕ್ಕೊಂದು ಪೆಟ್ಟಿಗೆ ರೂಪಿಸಿದರು. ಆರು ಬಿಳಿ ಬಟ್ಟಲುಗಳಿಗೆ ಆ ನೀರನ್ನೇ ತುಂಬಿ, ಪುಡಿಯ ದ್ರಾವಣವನ್ನು ಕ್ರಮವಾಗಿ ಒಂದು ಹನಿ, ಎರಡು ಹನಿ, ಹೀಗೆ ಆರರವರೆಗೆ ಹಾಕುವುದು. ಅರ್ಧ ಗಂಟೆ ಬಿಟ್ಟು ಅಯೊಡೈಡ್ ಬೆರೆತ ಗಂಜಿ ಹಾಕಿದರೆ, ಕ್ಲೋರಿನ್ ಉಳಿದಿರುವ ಬಟ್ಟಲು ನೀಲಿಯಾಗುತ್ತದೆ. ನಿಮ್ಮ ಪ್ರಯೋಗಶಾಲೆಯ ಪರಿಚಿತ ನೀಲಿಯೇ ಇದು! ಮೊದಲು ನೀಲಿಯಾದದ್ದು ಮೂರನೆಯ ಬಟ್ಟಲಾದರೆ, ಇಡೀ ಗಾಡಿಗೆ ಮೂರು ಚಮಚ ಪುಡಿ. ಗುಣಾಕಾರ, ಭಾಗಾಕಾರ ಏನೂ ಬೇಡ. ಗಾಡಿಯ ಅಳತೆ ಖಚಿತವಾಗಿದ್ದುದರಿಂದಲೇ ಇದು ಸಾಧ್ಯವಾಯಿತು. ಅಂದಮೇಲೆ ಆ ತೊಟ್ಟಿ ಬರಿಯ ಪಾತ್ರೆಯಲ್ಲ, ಔಷಧಿ ಅಳೆಯುವ ಸಾಧನ.

ಎರಡನೆಯ ಮಹಾಯುದ್ಧದಲ್ಲಿ ಕುದುರೆಯ ಜಾಗಕ್ಕೆ ಲಾರಿ ಬಂತು. ಅಮೆರಿಕ ಸೈನ್ಯದ ಜಿ-527 ಎಂಬ ಬಂಡಿಯ ತೊಟ್ಟಿ 250 ಅಮೆರಿಕನ್ ಗ್ಯಾಲನ್‌ನದು, ಸುಮಾರು 946 ಲೀಟರ್. ಲೀಟರಿಗೆ ಒಂದು ಕಿಲೋ ಎಂದು ಹಿಡಿಯಿರಿ: ತೂಕ ಹೆಚ್ಚುಕಡಿಮೆ ಒಂದು ಟನ್. ಬಂಡಿಯ ದರ್ಜೆಯೂ ಒಂದು ಟನ್ನೇ. ಯುದ್ಧಾನಂತರದ ಎಂ-107 ಮತ್ತು ಎಂ-149 ಬಂಡಿಗಳ ತೊಟ್ಟಿ 400 ಗ್ಯಾಲನ್‌ನದು, ಸುಮಾರು 1,514 ಲೀಟರ್. ದರ್ಜೆ ಒಂದೂವರೆ ಟನ್. ಹಾಗಾಗಿ ಒಂದು ಟನ್ನಿನ ಚೌಕಟ್ಟಿನ ಮೇಲೆ 400 ಗ್ಯಾಲನ್ ತೊಟ್ಟಿ ಕುಳಿತಿದ್ದರೆ, ಯಾರೋ ಎರಡು ಬಂಡಿಗಳನ್ನು ಕೂಡಿಸಿದ್ದಾರೆಂದು ತಿಳಿಯಿರಿ. ಯುದ್ಧ ಮುಗಿದ ಮೇಲೆ ಹರಾಜಾಗಿ ಹೊಲಗದ್ದೆ ಸೇರಿದ ಬಂಡಿಗಳಲ್ಲಿ ಇಂಥ ಬೆರಕೆ ಸಹಜ.

ಹೆಸರು ನಂಬಿ ಹೋಗಬಾರದು. ಒಂದು ಟನ್ನಿನ ಸಾಮಾನು ಬಂಡಿಗೆ ‘ಬೆನ್-ಹರ್’ ಎಂಬ ಒಂದೇ ಕಂಪನಿಯ ಹೆಸರು ಅಂಟಿಕೊಂಡಿದೆ. ತಯಾರಿಸಿದ ಕಂಪನಿಗಳು ಮಾತ್ರ ಹಲವು. ಆದ್ದರಿಂದ ಮೊದಲು ಹುಡುಕಬೇಕಾದದ್ದು ಚೌಕಟ್ಟಿಗೆ ಬಡಿದ ಲೋಹದ ಫಲಕವನ್ನು. ಅದು ಕಳೆದುಹೋಗಿದ್ದರೆ ದೀಪಗಳನ್ನು ನೋಡಿ. ಯುದ್ಧಕಾಲದ ಅಮೆರಿಕನ್ ಜೀಪು, ಲಾರಿಗಳ ವಿದ್ಯುತ್ತು ಸಾಮಾನ್ಯವಾಗಿ 6 ವೋಲ್ಟಿನದು. 1950ರ ದಶಕದಿಂದೀಚಿನದು 24 ವೋಲ್ಟಿನದು. ತೊಟ್ಟಿ ಸ್ಟೇನ್‌ಲೆಸ್ ಸ್ಟೀಲಿನದಾದರೆ ಅದು ಇನ್ನೂ ಈಚಿನ ಎಂ-149ಎ2 ಇರಬಹುದು.

ಬಣ್ಣವೂ ಸಾಕ್ಷಿಯೇ. ರೈತನ ಕೆಂಪು ಬಣ್ಣದ ಕೆಳಗೆ ಹೊಳಪಿನ ಹಸಿರು, ಅದರ ಕೆಳಗೆ ಯುದ್ಧಕಾಲದ ಹೊಳಪಿಲ್ಲದ ಆಲಿವ್ ಬಣ್ಣ, ಅದರ ಮೇಲೆ ಮಾಸಿದ ಅಂಕಿಗಳು ಸಿಗಬಹುದು. ಅವಸರದಲ್ಲಿ ಯಂತ್ರ ಹಿಡಿದು ಲೋಹ ಕಾಣುವವರೆಗೆ ಉಜ್ಜಿದರೆ ಎಲ್ಲವೂ ಒಂದು ಮಧ್ಯಾಹ್ನದಲ್ಲಿ ಧೂಳಾಗುತ್ತದೆ. ಆ ಧೂಳಿನಲ್ಲಿ ಸೀಸವೂ ಇರಬಹುದು, ಉಸಿರಿಗೆ ವಿಷ. ಒಂದು ಮೂಲೆಯಲ್ಲಿ ನೀರು ಹಾಕುತ್ತ, ಪದರ ಪದರವಾಗಿ ತೆಗೆದು, ಪ್ರತಿ ಹಂತದಲ್ಲೂ ಫೋಟೊ ತೆಗೆಯುವುದೇ ಸರಿಯಾದ ದಾರಿ. ಪ್ರದರ್ಶನಗಳಲ್ಲಿ ಮದುವೆಗೆ ಸಿಂಗರಿಸಿದಂತೆ ಹೊಳೆಯುವ ಬಂಡಿಗಳು ನನಗಂತೂ ಹಿಡಿಸುವುದಿಲ್ಲ. ಸೈನ್ಯದಲ್ಲಿ ಅವು ಎಂದೂ ಹಾಗಿರಲಿಲ್ಲ.

ತೊಟ್ಟಿಯ ಒಳಗಿನ ಕೆಲಸವೇ ಕಷ್ಟದ್ದು. ಮುಚ್ಚಳದ ಕಿಂಡಿಯಿಂದ ಒಳಗಿಳಿಯುವುದು ಅಪಾಯ; ತುಕ್ಕು ಹಿಡಿಯುವಾಗ ಕಬ್ಬಿಣ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಮುಚ್ಚಿದ ತೊಟ್ಟಿಯ ಗಾಳಿ ಉಸಿರಾಟಕ್ಕೆ ಸಾಲದೆ ಹೋಗಬಹುದು. ಒಳಗೆ ಅಡ್ಡಹಲಗೆಗಳಿದ್ದರೆ ಕತ್ತರಿಸಬಾರದು: ಅರ್ಧ ತುಂಬಿದ ತೊಟ್ಟಿಯ ನೀರು ತಿರುವಿನಲ್ಲಿ ಒಂದೇ ಕಡೆ ನುಗ್ಗಿ ಬಂಡಿಯನ್ನು ಉರುಳಿಸದಂತೆ ತಡೆಯುವುದು ಅವೇ. ಸೈನ್ಯ ಬಿಟ್ಟ ಮೇಲೆ ಅದರಲ್ಲಿ ಡೀಸೆಲ್ ಇತ್ತೋ, ಕೀಟನಾಶಕ ಇತ್ತೋ ಹೇಳುವವರಿಲ್ಲ. ಆದ್ದರಿಂದ ಎಷ್ಟೇ ತೊಳೆದರೂ ಆ ನೀರನ್ನು ಕುಡಿಯಲು ಕೊಡಬಾರದು. ತಳ ಕೊಳೆತು ಹೊಸ ತಗಡು ಹಾಕಲೇಬೇಕಾದರೆ, ಹಳೆಯ ಬಾಗಿಗೆ ಸರಿಯಾಗಿ ಬಗ್ಗಿಸಿ ಹಾಕಿ, ಎಲ್ಲಿಂದ ಎಲ್ಲಿಯವರೆಗೆ ಹೊಸದು ಎಂದು ಬರೆದಿಡಬೇಕು. ಆಮೇಲೆ ಅಳತೆಯ ಡಬ್ಬಿಯಿಂದ ನೀರು ತುಂಬಿ ಎಣಿಸಬೇಕು, 250 ಗ್ಯಾಲನ್ ಹಿಡಿಯುತ್ತದೆಯೇ ಎಂದು.