ಕೇಳದೆ ಉಳಿದ ಮಾತು: ಹೆವಿ ಮೆಟಲ್ ಗೀತೆಗಳ ವ್ಯಾಖ್ಯಾನ

1990ರ ಜುಲೈ ತಿಂಗಳಲ್ಲಿ ಅಮೆರಿಕದ ನೆವಾಡಾ ರಾಜ್ಯದ ರೀನೋ ನಗರದಲ್ಲಿ ಅಪರೂಪದ ನ್ಯಾಯವಿಚಾರಣೆಯೊಂದು ಆರಂಭವಾಯಿತು. 1985ರ ಡಿಸೆಂಬರ್‌ನಲ್ಲಿ ಇಬ್ಬರು ಯುವಕರು ಇಂಗ್ಲೆಂಡಿನ 'ಜುಡಾಸ್ ಪ್ರೀಸ್ಟ್' ತಂಡದ ಹಾಡುಗಳನ್ನು ಬಹುಹೊತ್ತು ಕೇಳಿ, ಚರ್ಚೊಂದರ ಆಟದ ಅಂಗಳಕ್ಕೆ ಹೋಗಿ ಆತ್ಮಹತ್ಯೆಗೆ ಮುಂದಾಗಿದ್ದರು. ಒಬ್ಬನು ಅಲ್ಲಿಯೇ ಮೃತನಾದನು. ತೀವ್ರವಾಗಿ ಗಾಯಗೊಂಡ ಇನ್ನೊಬ್ಬನು 1988ರಲ್ಲಿ ತೀರಿಕೊಂಡನು. 1978ರ 'ಸ್ಟೇನ್ಡ್ ಕ್ಲಾಸ್' ಧ್ವನಿಮುದ್ರಿಕೆಯ ಹಾಡೊಂದರಲ್ಲಿ 'ಮಾಡಿಬಿಡು' ಎಂಬ ಆಜ್ಞೆಯನ್ನು ಗುಪ್ತವಾಗಿ ಅಡಗಿಸಿಡಲಾಗಿದೆ ಎಂಬುದು ಕುಟುಂಬಗಳ ಆರೋಪವಾಗಿತ್ತು.

ಹಾಡಿನ ಬಹಿರಂಗ ಮಾತುಗಳಿಗೆ ವಾಕ್‌ಸ್ವಾತಂತ್ರ್ಯದ ರಕ್ಷಣೆಯಿದ್ದುದರಿಂದ ವಾದವೆಲ್ಲ ಆ ಅಡಗಿದ ಆಜ್ಞೆಯ ಸುತ್ತಲೇ ನಡೆಯಿತು. ಗಾಯಕನ ಉಸಿರೂ ಗಿಟಾರಿನ ನಾದವೂ ಆಕಸ್ಮಿಕವಾಗಿ ಕೂಡಿ ಹಾಗೆ ಕೇಳಿಸುತ್ತದೆಯೇ ಹೊರತು ಅದರ ಹಿಂದೆ ಉದ್ದೇಶವಿಲ್ಲವೆಂದು ಆಗಸ್ಟ್‌ನಲ್ಲಿ ತೀರ್ಪು ಬಂದಿತು. ಒಂದು ಉಸಿರಿನ ಅರ್ಥಕ್ಕಾಗಿ ವಾರಗಟ್ಟಲೆ ಚರ್ಚೆಯಾಯಿತು. ಹಾಡು ಬಾಯಿಬಿಟ್ಟು ಹೇಳಿದ್ದು ಬದಿಗುಳಿಯಿತು. ಈ ಸಂಗೀತವನ್ನು ಕುರಿತ ನಮ್ಮ ಅನೇಕ ಪ್ರಸಂಗಗಳಲ್ಲಿಯೂ ಹೀಗೆಯೇ ಆಗಿದೆಯೆಂದು ನಮಗೆ ತೋರುತ್ತದೆ.

ಈ ಸಂಗೀತದ ಮೂಲಪುರುಷರೆನಿಸಿದ 'ಬ್ಲ್ಯಾಕ್ ಸಬಾತ್' ತಂಡವನ್ನೇ ನೋಡೋಣ. ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಬಡಾವಣೆಯ ಈ ತರುಣರು ತಮ್ಮ ಹೆಸರನ್ನು ಪಡೆದದ್ದು ಮಾಂತ್ರಿಕ ಗ್ರಂಥದಿಂದಲ್ಲ, 1963ರ ಭಯಾನಕ ಚಲನಚಿತ್ರವೊಂದರಿಂದ. ಹೆಚ್ಚಿನ ಗೀತೆಗಳನ್ನು ಬರೆದ ಗೀಜರ್ ಬಟ್ಲರ್ ಕಥೋಲಿಕ ಮನೆಯಲ್ಲಿ ಬೆಳೆದವರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1970ರಲ್ಲಿ ಬಂದ 'ವಾರ್ ಪಿಗ್ಸ್' ಗೀತೆಯಲ್ಲಿ ಮಾಟಗಾತಿಯರ ಕೂಟದ ಚಿತ್ರವಿದೆ. ಆದರೆ ಅದು ಸೇನಾಧಿಪತಿಗಳಿಗೆ ಕೊಟ್ಟ ಉಪಮೆ; ಬಡವರನ್ನು ಯುದ್ಧಕ್ಕೆ ಕಳುಹಿಸಿ ತಾವು ಮರೆಯಾಗುವ ರಾಜಕಾರಣಿಗಳೂ ಆ ಗೀತೆಯಲ್ಲಿದ್ದಾರೆ. ಕೊನೆಗೆ ನ್ಯಾಯತೀರ್ಪಿನ ದಿನ ಬರುತ್ತದೆ, ಅವರು ಮೊಣಕಾಲೂರಿ ಕರುಣೆ ಬೇಡುತ್ತಾರೆ. ಸೈತಾನನು ಅಲ್ಲಿ ನಗುವುದು ನಿಜ. ಆ ನಗೆ ಆರಾಧನೆಗೆ ಕರೆಯಲ್ಲ, ದೋಷಿಗಳ ಗತಿ. ಆಮೋಸನನ್ನು ಓದಿದವರಿಗೆ ಈ ಧ್ವನಿ ಅಪರಿಚಿತವಾಗಬಾರದಿತ್ತು.

ಮರುವರ್ಷದ 'ಆಫ್ಟರ್ ಫಾರೆವರ್' ಇನ್ನೂ ನೇರವಾದುದು. ಮರಣದ ನಂತರ ನಿನ್ನ ಆತ್ಮದ ಗತಿಯೇನು, ದೇವರನ್ನು ನಂಬುತ್ತೇನೆಂದು ಹೇಳಲು ಸ್ನೇಹಿತರ ಮುಂದೆ ನಾಚುವೆಯಾ ಎಂದು ಅದು ಕೇಳುತ್ತದೆ. ಅದರಲ್ಲಿ ಪೋಪರ ಕೊರಳಿಗೆ ನೇಣೆಂಬ ಕಟುವಾದ ಮಾತೊಂದಿದೆ. ಅದು ಅವಿಶ್ವಾಸಿಗೆ ಹಾಕಿದ ಪ್ರಶ್ನೆಯೆಂಬುದನ್ನು ಬಿಟ್ಟು, ಆ ಚಿತ್ರವನ್ನು ಮಾತ್ರ ಕಿತ್ತು ಖಂಡಿಸಿದವರುಂಟು. ಮೂರ್ಖನ ಬಾಯಲ್ಲಿಟ್ಟ ಮಾತನ್ನು ಕೀರ್ತನಕಾರನದೆಂದು ನಾವು ಎಂದಾದರೂ ಬೋಧಿಸುವೆವೇ?

ಎಲ್ಲವನ್ನೂ ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. 1992ರ ಜೂನ್‌ನಲ್ಲಿ ನಾರ್ವೆಯ ಬರ್ಗನ್ ಬಳಿ ಫಾಂಟಾಫ್ಟ್‌ನ ಪುರಾತನ ಮರದ ಚರ್ಚ್ ಸುಟ್ಟುಹೋಯಿತು. ಅಲ್ಲಿನ ಬ್ಲ್ಯಾಕ್ ಮೆಟಲ್ ಗುಂಪಿನ ಕೆಲವರು ಕ್ರೈಸ್ತದ್ವೇಷವನ್ನು ಅಕ್ಷರಶಃ ಆಡಿದರು, ಚರ್ಚುಗಳನ್ನು ಸುಟ್ಟು ತೋರಿಸಿದರು. ಉಪಮೆ ಯಾವುದು, ಸಂಕಲ್ಪ ಯಾವುದು ಎಂಬ ವಿವೇಚನೆ ಅದಕ್ಕಾಗಿಯೇ ಬೇಕು. ಎಲ್ಲವನ್ನೂ ಸೈತಾನನದೆಂದವರಿಗೆ ಆ ವಿವೇಚನೆ ಉಳಿದಿರಲಿಲ್ಲ.

88ನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಅದಕ್ಕೆ ಸಮಾಧಾನದ ಕೊನೆಯನ್ನು ಕೂಡಿಸದೆ ಸಭೆಯು ಅದನ್ನು ಹಾಗೆಯೇ ಕಾಪಾಡಿಕೊಂಡು ಬಂದಿದೆ. ಅಂಥ ಪ್ರಲಾಪವನ್ನು ಗಿಟಾರಿನ ಅಬ್ಬರದಲ್ಲಿ ಕೇಳುವ ಯುವಕನು ನಮ್ಮ ಸಭೆಯಲ್ಲಿಯೂ ಇರಬಹುದು. ಆ ಹಾಡು ಏನು ಹೇಳುತ್ತದೆಂದು ಸಭಾಪಾಲಕರು ಅವನನ್ನೇ ಕೇಳಿದರೆ, ಅವನು ತನ್ನ ಕುರಿತು ಹೇಳಲು ಆರಂಭಿಸುವುದುಂಟು.